ಸೂಜಿ ಹಾಕಿಸಲೇ, ಬೇಡವೇ? ಅರೆಕೆರೆಯ ತಾಯಿಯೊಬ್ಬರಿಗೆ ಉತ್ತರ

ಅರೆಕೆರೆಯಿಂದ ತಾಯಿಯೊಬ್ಬರು ಈ ಪುಟಕ್ಕೆ ಪತ್ರ ಬರೆದಿದ್ದಾರೆ. ಹೆಸರು ಪ್ರಕಟಿಸಬೇಡಿ ಎಂದು ಕೇಳಿಕೊಂಡಿದ್ದಾರೆ, ಪ್ರಕಟಿಸುವುದಿಲ್ಲ. ಪತ್ರದ ಸಾರಾಂಶ ಇಷ್ಟು.

ಅವರಿಗೆ ಇಬ್ಬರು ಮಕ್ಕಳು. ದೊಡ್ಡವನಿಗೆ ಐದು ವರ್ಷ. 'ಅಮ್ಮ', 'ಅಪ್ಪ', 'ತಾತ' ಎನ್ನುತ್ತಿದ್ದ ಮಗು. ಹದಿನಾರನೆಯ ತಿಂಗಳಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಎರಡನೆಯ ಸೂಜಿ ಹಾಕಿಸಿದರು. ಹದಿನೆಂಟನೆಯ ತಿಂಗಳ ಹೊತ್ತಿಗೆ ಮಾತು ನಿಂತಿತು. ಹೆಸರು ಹಿಡಿದು ಕರೆದರೂ ತಿರುಗುವುದಿಲ್ಲ. ಆಟದ ಕಾರನ್ನು ಬೋರಲು ಹಾಕಿಕೊಂಡು ಅದರ ಚಕ್ರವನ್ನು ಗಂಟೆಗಟ್ಟಲೆ ತಿರುಗಿಸುತ್ತ ಕೂರುತ್ತಾನೆ. ಮೂರು ವರ್ಷವಾದಾಗ ವೈದ್ಯರು ಆಟಿಸಂ ಎಂದರು. ಈಗ ಎರಡನೆಯದು ಹೆಣ್ಣುಮಗು, ಒಂಬತ್ತು ತಿಂಗಳು ತುಂಬಿದೆ. ಲಸಿಕೆಗೆ ಕರೆದುಕೊಂಡು ಬನ್ನಿ ಎಂದು ಆಶಾ ಕಾರ್ಯಕರ್ತೆ ಎರಡು ಸಲ ಮನೆಗೆ ಬಂದು ಹೋಗಿದ್ದಾರೆ. ಅಮೆರಿಕದಲ್ಲಿರುವ ನಾದಿನಿ ಫೋನಿನಲ್ಲಿ, "ಅತ್ತಿಗೆ, ಅದೇ ಸೂಜಿಯಿಂದ ಅವನಿಗೆ ಹೀಗಾದದ್ದು, ಇವಳಿಗೆ ಹಾಕಿಸಬೇಡಿ" ಎನ್ನುತ್ತಾರೆ. ಪ್ರಾರ್ಥನಾ ಕೂಟದ ಇನ್ನೊಬ್ಬರು, ಇದು ಗರ್ಭಪಾತದ ಕೋಶಗಳಿಂದ ಮಾಡಿದ ಲಸಿಕೆ, ಕಥೋಲಿಕರು ಮುಟ್ಟಬಾರದು ಎಂದಿದ್ದಾರೆ. ಅತ್ತೆ ಏನೂ ಹೇಳುವುದಿಲ್ಲವಂತೆ. ಅದೇ ಹೆಚ್ಚು ಕಷ್ಟ ಎಂದು ಬರೆದಿದ್ದಾರೆ. ಕೊನೆಯ ಸಾಲು: "ಒಂದು ಮಗುವನ್ನು ನನ್ನ ಕೈಯಾರೆ ಕೆಡಿಸಿದೆನೇ? ಇನ್ನೊಂದನ್ನೂ ಕೆಡಿಸಲೇ?"

ಪ್ರಿಯ ಸಹೋದರಿ, ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಕೆಡಿಸಲಿಲ್ಲ. ಮಗಳಿಗೆ ಲಸಿಕೆ ಹಾಕಿಸಿ. ಕಾರಣಗಳನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಪತ್ರ ಬರೆಯದೆ ಇರುವ ತಾಯಂದಿರೂ ನಮ್ಮ ಧರ್ಮಕೇಂದ್ರಗಳಲ್ಲಿ ಇದ್ದಾರೆ.

ಈ ಸುದ್ದಿ ಹುಟ್ಟಿದ್ದು ಲಂಡನ್ನಿನಲ್ಲಿ. 1998ರ ಫೆಬ್ರವರಿಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯ ಮತ್ತು ಅವರ ಸಂಗಡಿಗರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಹನ್ನೆರಡು ಮಕ್ಕಳ ವಿವರ ಅದರಲ್ಲಿತ್ತು. ಹೌದು, ಬರೀ ಹನ್ನೆರಡು. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿಸಿ ಕೊಡುವ ಎಂಎಂಆರ್ ಲಸಿಕೆಯ ನಂತರ ಈ ಮಕ್ಕಳಲ್ಲಿ ಹಲವರು ಆಟಿಸಂಗೆ ಜಾರಿದರೆಂಬ ಭಾವನೆ ಬರುವಂತೆ ಅದನ್ನು ಬರೆಯಲಾಗಿತ್ತು. ಮೂರನ್ನೂ ಬೇರೆ ಬೇರೆಯಾಗಿ ಹಾಕಬೇಕೆಂದು ವೇಕ್‌ಫೀಲ್ಡ್ ಪತ್ರಕರ್ತರ ಮುಂದೆ ಹೇಳಿದರು. ಬ್ರಿಟನ್ನಿನ ತಾಯಂದಿರು ಹೆದರಿದರು. ಯಾರು ತಾನೇ ಹೆದರುವುದಿಲ್ಲ?

ಒಳಗಿನ ಸಂಗತಿ ಹೊರಬರಲು ಆರು ವರ್ಷ ಬೇಕಾಯಿತು. ಬ್ರಯಾನ್ ಡೀರ್ ಎಂಬ ಪತ್ರಕರ್ತರು 2004ರಿಂದ ಒಂದೊಂದಾಗಿ ಹೊರತೆಗೆದರು. ಲಸಿಕೆ ತಯಾರಕರ ಮೇಲೆ ಮೊಕದ್ದಮೆ ಹೂಡಲು ಹೊರಟಿದ್ದ ವಕೀಲರಿಂದ ವೇಕ್‌ಫೀಲ್ಡ್ ಹಣ ಪಡೆದಿದ್ದರು. ಒಟ್ಟು ಮೊತ್ತ ನಾಲ್ಕು ಲಕ್ಷ ಪೌಂಡಿಗೂ ಮೇಲು. ತಮ್ಮದೇ ಒಂದು ದಡಾರ ಲಸಿಕೆಗೆ ಪೇಟೆಂಟ್ ಕೋರಿ 1997ರಲ್ಲೇ ಅರ್ಜಿ ಹಾಕಿದ್ದರು. ಮಗನ ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆ ಐದೈದು ಪೌಂಡ್ ಕೊಟ್ಟು ರಕ್ತ ತೆಗೆಸಿದ್ದರು. ಲಸಿಕೆಗೆ ಮುಂಚೆ ಎಲ್ಲ ಮಕ್ಕಳೂ ಸರಿಯಾಗಿದ್ದರೆಂದು ಲೇಖನ ಹೇಳುತ್ತಿತ್ತು. ಆಸ್ಪತ್ರೆಯ ದಾಖಲೆ ತೆರೆದು ನೋಡಿದರೆ ಹನ್ನೆರಡರಲ್ಲಿ ಐವರ ಬೆಳವಣಿಗೆಯ ಬಗ್ಗೆ ಮೊದಲೇ ಸಂಶಯಗಳು ಬರೆದಿದ್ದವು. ಹದಿಮೂರು ಲೇಖಕರಲ್ಲಿ ಹತ್ತು ಮಂದಿ 2004ರಲ್ಲೇ ಆ ತೀರ್ಮಾನದಿಂದ ಹಿಂದೆ ಸರಿದರು. 2010ರ ಫೆಬ್ರವರಿಯಲ್ಲಿ 'ಲ್ಯಾನ್ಸೆಟ್' ಲೇಖನವನ್ನೇ ಹಿಂತೆಗೆದುಕೊಂಡಿತು. ಅದೇ ವರ್ಷ ಮೇ ತಿಂಗಳಲ್ಲಿ ಬ್ರಿಟನ್ನಿನ ವೈದ್ಯಕೀಯ ಮಂಡಳಿ ವೇಕ್‌ಫೀಲ್ಡ್ ಅವರ ಹೆಸರನ್ನು ವೈದ್ಯರ ಪಟ್ಟಿಯಿಂದ ಹೊಡೆದುಹಾಕಿತು.

ಲೇಖನ ಹೋಯಿತು, ಹೆದರಿಕೆ ಉಳಿಯಿತು. ಅದು ನಮ್ಮ ಊರಿಗೂ ಬಂತು. 2017ರ ಫೆಬ್ರವರಿ 5ರಂದು ದೇಶದ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಆರಂಭವಾದದ್ದು ಬೆಂಗಳೂರಿನಲ್ಲೇ. ಮೊದಲ ಹಂತದಲ್ಲಿ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪ. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಸುಮಾರು 3.6 ಕೋಟಿ ಮಕ್ಕಳು. ಶಾಲೆಗಳಲ್ಲೇ ಲಸಿಕೆ ಹಾಕುವ ಏರ್ಪಾಡಾಗಿತ್ತು. ಅಷ್ಟರಲ್ಲೇ ವಾಟ್ಸ್‌ಆ್ಯಪ್‌ನಲ್ಲಿ ಸಂದೇಶಗಳು ಹರಿದಾಡಿದವು. ಒಂದರಲ್ಲಿ ಆಟಿಸಂ, ಇನ್ನೊಂದರಲ್ಲಿ ಮಕ್ಕಳಾಗುವುದಿಲ್ಲವೆಂಬ ಮಾತು. ಎಷ್ಟೋ ತಂದೆತಾಯಿಯರು ಆ ದಿನ ಮಕ್ಕಳನ್ನು ಶಾಲೆಗೇ ಕಳಿಸಲಿಲ್ಲ. ಬನ್ನೇರುಘಟ್ಟ ರಸ್ತೆಯ ಇಕ್ಕೆಲದಲ್ಲಿ ಇಂದು ಎಷ್ಟು ಅಪಾರ್ಟ್‌ಮೆಂಟುಗಳಿವೆಯೋ ಅಷ್ಟು ಗುಂಪುಗಳು ಫೋನಿನಲ್ಲಿವೆ. ನೀರಿನ ಟ್ಯಾಂಕರ್ ಯಾವಾಗ ಬರುತ್ತದೆ ಎಂದು ತಿಳಿಯಲು ಬೇಕಾದ ಗುಂಪು, ಮಗುವಿನ ಔಷಧದ ವಿಷಯದಲ್ಲೂ ತೀರ್ಪು ಕೊಡಲು ಕೂತಿರುತ್ತದೆ.

ಹಾಗಾದರೆ ನಿಮ್ಮ ಮಗನಿಗೆ ಸೂಜಿ ಹಾಕಿಸಿದ ಎರಡೇ ತಿಂಗಳಲ್ಲಿ ಮಾತು ನಿಂತದ್ದು? ಅದು ನಿಮ್ಮ ಕಣ್ಣೆದುರು ನಡೆದದ್ದು, ಸುಳ್ಳಲ್ಲ. ಆದರೆ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ನಮ್ಮ ಸರ್ಕಾರದ ಪಟ್ಟಿಯಲ್ಲಿ ಈ ಲಸಿಕೆಯ ಮೊದಲ ಸೂಜಿ 9ರಿಂದ 12 ತಿಂಗಳೊಳಗೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಆಟಿಸಂ ಇರುವ ಮಗುವಿನ ಲಕ್ಷಣಗಳು ಮನೆಯವರಿಗೆ ಎದ್ದು ಕಾಣುವುದೂ ಸಾಮಾನ್ಯವಾಗಿ ಇದೇ ವಯಸ್ಸಿನಲ್ಲಿ. ಬೇರೆ ಮಕ್ಕಳು ಎರಡೆರಡು ಪದ ಜೋಡಿಸುವ, ಬೆರಳು ಮಾಡಿ ಕಾಗೆ ತೋರಿಸುವ ವಯಸ್ಸು ಅದು. ಆಗಲೇ ಕೊರತೆ ಕಾಣುವುದು. ಕೆಲವು ಮಕ್ಕಳು ಬಂದ ಒಂದೆರಡು ಮಾತನ್ನೂ ಈ ಹೊತ್ತಿನಲ್ಲೇ ಕಳೆದುಕೊಳ್ಳುತ್ತಾರೆ. ಲಸಿಕೆ ಹಾಕಿಸದ ಮಕ್ಕಳಲ್ಲೂ ಹೀಗೇ ಆಗುತ್ತದೆ. ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಸೂಜಿ ಹಾಕುವ ವಯಸ್ಸಿನಲ್ಲೇ ಒಂದು ಕಾಯಿಲೆ ಕಾಣಿಸಿಕೊಂಡರೆ, ಅದರ ಮುಂಚೆ ಯಾವಾಗಲೂ ಒಂದು ಸೂಜಿ ಇದ್ದೇ ಇರುತ್ತದೆ.

1994ರಲ್ಲಿ ಅಮೆರಿಕದ ಇಬ್ಬರು ಸಂಶೋಧಕಿಯರು ಒಂದು ಸರಳ ಕೆಲಸ ಮಾಡಿದರು. ಮುಂದೆ ಆಟಿಸಂ ಎಂದು ಗೊತ್ತಾದ ಹನ್ನೊಂದು ಮಕ್ಕಳ ಮೊದಲ ಹುಟ್ಟುಹಬ್ಬದ ವಿಡಿಯೊ ತರಿಸಿದರು, ಬೇರೆ ಹನ್ನೊಂದು ಮಕ್ಕಳದ್ದೂ ತರಿಸಿದರು. ಕೇಕು, ಬಲೂನು, ನೆಂಟರು ಎಲ್ಲ ಎರಡರಲ್ಲೂ ಒಂದೇ. ಆದರೆ ಮೊದಲ ಗುಂಪಿನ ಮಕ್ಕಳು ಬಂದವರ ಮುಖ ನೋಡುವುದು ಕಡಿಮೆ, ಬೆರಳು ತೋರುವುದು ಕಡಿಮೆ, ಹೆಸರು ಕರೆದರೆ ತಿರುಗುವುದು ಕಡಿಮೆ. ತಂದೆತಾಯಿಗೆ ಆಗ ಗೊತ್ತಾಗಿರಲಿಲ್ಲ. ಮನೆ ತುಂಬ ಜನರಿರುವಾಗ ಯಾರಿಗೆ ಗೊತ್ತಾದೀತು? ಆಟಿಸಂನ ಬೇರು ಬಹುಮಟ್ಟಿಗೆ ವಂಶವಾಹಿಗಳಲ್ಲಿ, ಗರ್ಭದಲ್ಲಿ ಮೆದುಳು ರೂಪುಗೊಳ್ಳುವ ದಿನಗಳಲ್ಲಿ ಇದೆ ಎಂದು ಈಗ ವೈದ್ಯಶಾಸ್ತ್ರ ತಿಳಿದಿದೆ.

ಹನ್ನೆರಡು ಮಕ್ಕಳ ಮಾತಿಗೆ ಉತ್ತರವಾಗಿ ಲಕ್ಷಗಟ್ಟಲೆ ಮಕ್ಕಳನ್ನು ನೋಡಲಾಗಿದೆ. ಡೆನ್ಮಾರ್ಕಿನಲ್ಲಿ ಪ್ರತಿ ಮಗುವಿನ ಲಸಿಕೆಯೂ ಕಾಯಿಲೆಯೂ ಸರ್ಕಾರದ ದಾಖಲೆಯಲ್ಲಿರುತ್ತದೆ. 2002ರಲ್ಲಿ ಅಲ್ಲಿ 5,37,303 ಮಕ್ಕಳ ಲೆಕ್ಕ ತೆಗೆದರು, 2019ರಲ್ಲಿ ಮತ್ತೆ 6,57,461 ಮಕ್ಕಳದ್ದು. ಎಂಎಂಆರ್ ಹಾಕಿಸಿಕೊಂಡವರಲ್ಲೂ ಹಾಕಿಸಿಕೊಳ್ಳದವರಲ್ಲೂ ಆಟಿಸಂ ಒಂದೇ ಪ್ರಮಾಣ. ಜಪಾನಿನ ಕಥೆ ಇನ್ನೂ ಸ್ಪಷ್ಟ. ಅಲ್ಲಿ ಲಸಿಕೆಯ ಮಂಗನಬಾವಿನ ಭಾಗದಿಂದ ಕೆಲವು ಮಕ್ಕಳಿಗೆ ಮೆದುಳುಪೊರೆಯ ಉರಿಯೂತ ಬಂತೆಂದು 1993ರಲ್ಲಿ ಎಂಎಂಆರ್ ನಿಲ್ಲಿಸಿಬಿಟ್ಟರು. ಲಸಿಕೆ ಕಾರಣವಾಗಿದ್ದರೆ ಆಟಿಸಂ ಇಳಿಯಬೇಕಿತ್ತಲ್ಲವೇ? ಯೊಕೊಹಾಮಾ ನಗರದ ಲೆಕ್ಕದಲ್ಲಿ ಏರುತ್ತಲೇ ಹೋಯಿತು.

ಆದರೆ ನಿಮ್ಮ ಪ್ರಶ್ನೆ ಲಕ್ಷಗಟ್ಟಲೆ ಮಕ್ಕಳದಲ್ಲ, ಅಣ್ಣನಿಗೆ ಆಟಿಸಂ ಇರುವ ಒಂದು ತಂಗಿಯದು. ಅದನ್ನೂ ಕೇಳಿ ನೋಡಿದ್ದಾರೆ. 2015ರಲ್ಲಿ ಅಮೆರಿಕದಲ್ಲಿ ಅಣ್ಣನೋ ಅಕ್ಕನೋ ಇರುವ 95,727 ಮಕ್ಕಳನ್ನು ಅಭ್ಯಾಸ ಮಾಡಿದರು. ದೊಡ್ಡ ಮಗುವಿಗೆ ಆಟಿಸಂ ಇದ್ದ ಮನೆಗಳಲ್ಲೂ ಚಿಕ್ಕ ಮಗುವಿಗೆ ಲಸಿಕೆಯಿಂದ ಅಪಾಯ ಹೆಚ್ಚಲಿಲ್ಲ. ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅಣ್ಣನಿಗೆ ಇದ್ದರೆ ತಮ್ಮ ತಂಗಿಯರಿಗೂ ಆಟಿಸಂ ಬರುವ ಸಾಧ್ಯತೆ ಬೇರೆ ಮಕ್ಕಳಿಗಿಂತ ಹೆಚ್ಚು, ಸುಮಾರು ಐದರಲ್ಲಿ ಒಂದು. ಹೆಣ್ಣುಮಕ್ಕಳಲ್ಲಿ ಅದಕ್ಕಿಂತ ಕಡಿಮೆ. ಈ ಸಾಧ್ಯತೆ ಸೂಜಿ ಹಾಕಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ನಾಳೆ ಮಗಳಲ್ಲೂ ಏನಾದರೂ ಕಂಡರೆ ನೀವು ಮತ್ತೆ ನಿಮ್ಮನ್ನೇ ಹಳಿದುಕೊಳ್ಳಬಾರದೆಂದು ಇದನ್ನು ಈಗಲೇ ಬರೆಯುತ್ತಿದ್ದೇನೆ.

ಲಸಿಕೆಯಲ್ಲಿ ಪಾದರಸವಿದೆ ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. ಥೈಯೊಮರ್ಸಾಲ್ ಎಂಬ, ಪಾದರಸದ ಅಂಶವಿರುವ ಸಂರಕ್ಷಕವನ್ನು ಕೆಲವು ಲಸಿಕೆಗಳಿಗೆ ಅತ್ಯಲ್ಪ ಪ್ರಮಾಣದಲ್ಲಿ ಸೇರಿಸುತ್ತಾರೆ, ಒಂದೇ ಶೀಶೆಯಿಂದ ಹಲವು ಮಕ್ಕಳಿಗೆ ಕೊಡುವಾಗ ಕೆಡದಿರಲೆಂದು. ಡೆನ್ಮಾರ್ಕ್ 1992ರಲ್ಲೇ ಅದನ್ನು ಕೈಬಿಟ್ಟಿತು, ಆಟಿಸಂ ಇಳಿಯಲಿಲ್ಲ. ಅದಿರಲಿ, ದಡಾರ-ರುಬೆಲ್ಲಾ ಲಸಿಕೆಯಲ್ಲಿ ಅದು ಇಲ್ಲವೇ ಇಲ್ಲ. ಇದು ದುರ್ಬಲಗೊಳಿಸಿದ ಜೀವಂತ ವೈರಸ್. ಸಂರಕ್ಷಕ ಹಾಕಿದರೆ ವೈರಸ್ಸೇ ಸಾಯುತ್ತದೆ. ಅದಕ್ಕಾಗಿಯೇ ಸಿಸ್ಟರ್ ಪುಡಿಯನ್ನು ಕಲಸಿದ ನಾಲ್ಕು ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಎಸೆಯುವುದು.

ನಿಮ್ಮ ನಾದಿನಿಯ ಮಾತಿಗೆ ಒಂದು ಹಿನ್ನೆಲೆಯೂ ಇರಬಹುದು. 2025ರ ನವೆಂಬರ್‌ನಲ್ಲಿ ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಕೇಂದ್ರವು, ಲಸಿಕೆಯಿಂದ ಆಟಿಸಂ ಬರುವುದಿಲ್ಲ ಎಂದು ಅಲ್ಲಿಯವರೆಗೆ ಹೇಳುತ್ತಿದ್ದ ಮಾತನ್ನು ಬದಲಿಸಿ ಸಂಶಯ ಬರುವಂತೆ ಬರೆಯಿತು. ಮಕ್ಕಳನ್ನು ಹೊಸದಾಗಿ ಪರೀಕ್ಷಿಸಿ ಕಂಡುಕೊಂಡ ಸಂಗತಿ ಅದರ ಹಿಂದೆ ಇರಲಿಲ್ಲ. ಬದಲಾದದ್ದು ಇಲಾಖೆಯ ಮೇಲೆ ಕೂತವರು. ಅಲ್ಲಿನ ಮಕ್ಕಳ ವೈದ್ಯರ ಸಂಘವೇ ಇದನ್ನು ವಿರೋಧಿಸಿತು. ಮರುತಿಂಗಳು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಇದುವರೆಗಿನ ಅಧ್ಯಯನಗಳನ್ನು ಮತ್ತೊಮ್ಮೆ ನೋಡಿ, ಸಂಬಂಧವಿಲ್ಲವೆಂದೇ ಹೇಳಿತು.

ಈಗ ಈ ಕಥೆಯ ವಿಚಿತ್ರ ಭಾಗಕ್ಕೆ ಬರುತ್ತೇನೆ. ರುಬೆಲ್ಲಾ ಎಂದರೆ ಸಣ್ಣ ಜ್ವರ, ಒಂದಿಷ್ಟು ಗುಳ್ಳೆ, ಮೂರು ದಿನಕ್ಕೆ ಮಾಯ. ಆದರೆ ಗರ್ಭಿಣಿಗೆ ಮೊದಲ ಮೂರು ತಿಂಗಳಲ್ಲಿ ತಗಲಿದರೆ ವೈರಸ್ ಹೊಟ್ಟೆಯೊಳಗಿನ ಮಗುವಿಗೂ ದಾಟುತ್ತದೆ. ಕಣ್ಣಿನಲ್ಲಿ ಪೊರೆ, ಕಿವುಡು, ಹೃದಯದಲ್ಲಿ ರಂಧ್ರ. ಇದನ್ನು 1941ರಲ್ಲಿ ಮೊದಲು ಗುರುತಿಸಿದವರು ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್. 1964-65ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಹಬ್ಬಿದಾಗ ಸುಮಾರು 20,000 ಮಕ್ಕಳು ಹೀಗೆ ಹುಟ್ಟಿದರು. ನ್ಯೂಯಾರ್ಕಿನಲ್ಲಿ ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯೆ ಅಂಥ 243 ಮಕ್ಕಳನ್ನು ಪರೀಕ್ಷಿಸಿ 1971ರಲ್ಲಿ ಪ್ರಕಟಿಸಿದರು: ಹದಿನೆಂಟು ಮಕ್ಕಳಲ್ಲಿ ಪೂರ್ಣವಾಗಿಯೋ ಭಾಗಶಃವೋ ಆಟಿಸಂ. ಆ ಕಾಲದಲ್ಲಿ ಸಾಮಾನ್ಯ ಮಕ್ಕಳಲ್ಲಿ ಸಾವಿರಕ್ಕೆ ಒಬ್ಬರೂ ಸಿಗುತ್ತಿರಲಿಲ್ಲ. ಅಂದರೆ ಆಟಿಸಂಗೆ ಖಚಿತವಾಗಿ ಗೊತ್ತಿರುವ ಕಾರಣಗಳಲ್ಲಿ ಒಂದು ರುಬೆಲ್ಲಾ ರೋಗ. ಅದನ್ನು ತಡೆಯುವ ಲಸಿಕೆಯ ಮೇಲೆಯೇ ಆಟಿಸಂನ ಅಪವಾದ ಬಂದಿದೆ.

ದಡಾರದ ವಿಷಯ ಇನ್ನೂ ಹತ್ತಿರದ್ದು. 'ಅಮ್ಮ ಬಂದಿದೆ, ಹೋಗುತ್ತದೆ' ಎಂದು ಬೇವಿನ ಸೊಪ್ಪು ಕಟ್ಟಿ ಸುಮ್ಮನಿರುವ ಕಾಲವಿತ್ತು. ಆದರೆ ದಡಾರ ಬಂದ ಮಗುವೊಂದು ಲಸಿಕೆಯಿಲ್ಲದ ಹನ್ನೆರಡರಿಂದ ಹದಿನೆಂಟು ಮಂದಿಗೆ ಹರಡಬಲ್ಲದು. ಮಗು ಎದ್ದು ಹೋದ ಮೇಲೂ ಎರಡು ಗಂಟೆ ಆ ಕೋಣೆಯ ಗಾಳಿಯಲ್ಲಿ ವೈರಸ್ ಇರುತ್ತದೆ. ನಮ್ಮ ಭಾನುವಾರದ ಧರ್ಮೋಪದೇಶ ತರಗತಿಯನ್ನು ನೆನಪಿಸಿಕೊಳ್ಳಿ. ನ್ಯುಮೋನಿಯಾ, ಕುರುಡು ಇವೆಲ್ಲ ಸರಿ. ಇನ್ನೊಂದು ಕಾಯಿಲೆಯ ಹೆಸರು ಬಹಳ ಜನ ಕೇಳಿಲ್ಲ. ಚಿಕ್ಕಂದಿನಲ್ಲಿ ದಡಾರ ಬಂದು ಗುಣವಾದ ಕೆಲವು ಮಕ್ಕಳಲ್ಲಿ ವೈರಸ್ ಮೆದುಳಿನಲ್ಲಿ ಅಡಗಿ ಕೂರುತ್ತದೆ. ಆರೇಳು ವರ್ಷ, ಹತ್ತು ವರ್ಷ ಕಳೆದ ಮೇಲೆ ಚೆನ್ನಾಗಿ ಓದುತ್ತಿದ್ದ ಹುಡುಗನ ಅಂಕಗಳು ಇಳಿಯುತ್ತವೆ, ಕೈಯಲ್ಲಿದ್ದ ಲೋಟ ಬೀಳುತ್ತದೆ, ಮೈ ಬೆಚ್ಚಿ ಬೆಚ್ಚಿ ಬೀಳುತ್ತದೆ. ಆಮೇಲೆ ಹಾಸಿಗೆ. ಗುಣಪಡಿಸುವ ಔಷಧವಿಲ್ಲ. ಎಸ್‌ಎಸ್‌ಪಿಇ ಎನ್ನುತ್ತಾರೆ. ಅರೆಕೆರೆ ಗೇಟಿನಿಂದ ಬನ್ನೇರುಘಟ್ಟ ರಸ್ತೆಯಲ್ಲೇ ನೇರ ಹೋಗಿ ಡೈರಿ ಸರ್ಕಲ್ ದಾಟಿದರೆ ನಿಮ್ಹಾನ್ಸ್. ಅಲ್ಲಿನ ನರರೋಗ ವೈದ್ಯರು ದಶಕಗಳಿಂದ ಇಂಥ ಮಕ್ಕಳನ್ನು ನೋಡುತ್ತ, ಅವರ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆಯುತ್ತ ಬಂದಿದ್ದಾರೆ. ದಡಾರ ಲಸಿಕೆ ಮೆದುಳಿಗೆ ಏನು ಮಾಡುತ್ತದೆ ಎಂದು ಕೇಳುವವರಿಗೆ ಉತ್ತರ ಇದೇ: ಈ ಸಾವನ್ನು ತಪ್ಪಿಸುತ್ತದೆ.

ಲಸಿಕೆಯಿಂದ ಏನೂ ಆಗುವುದೇ ಇಲ್ಲವೆಂದು ಹೇಳಿದರೆ ಅದೂ ತಪ್ಪಾದೀತು. ಒಂದು ವಾರದ ನಂತರ ಕೆಲವು ಮಕ್ಕಳಿಗೆ ಜ್ವರ, ಸಣ್ಣ ಗುಳ್ಳೆ ಬರುತ್ತದೆ. ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಸಾವಿರಾರು ಮಕ್ಕಳಲ್ಲಿ ಒಬ್ಬರಿಗೆ ಜ್ವರದ ಫಿಟ್ಸ್ ಬರಬಹುದು. ಲಕ್ಷಾಂತರದಲ್ಲಿ ಒಬ್ಬರಿಗೆ ತೀವ್ರ ಅಲರ್ಜಿ. ಅದಕ್ಕೇ ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುವುದು. ನಿಮ್ಮ ಮಗಳಿಗೆ ಬೇರೆ ಗಂಭೀರ ಕಾಯಿಲೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ಪ್ರಾರ್ಥನಾ ಕೂಟದವರು ಹೇಳಿದ್ದನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಅದರಲ್ಲಿ ಅರ್ಧ ನಿಜವಿದೆ. ರುಬೆಲ್ಲಾ ವೈರಸ್ಸನ್ನು ಬೆಳೆಸಲು ಬಳಸುವ ಜೀವಕೋಶಗಳ ಮೂಲ 1960ರ ದಶಕದಲ್ಲಿ ಯುರೋಪಿನಲ್ಲಿ ನಡೆದ ಗರ್ಭಪಾತಗಳಲ್ಲಿದೆ. ಆ ಗರ್ಭಪಾತಗಳನ್ನು ಲಸಿಕೆಗಾಗಿ ಮಾಡಲಿಲ್ಲ. ಆ ಕೋಶಗಳು ಪ್ರಯೋಗಶಾಲೆಯಲ್ಲಿ ತಾವೇ ವೃದ್ಧಿಯಾಗುತ್ತ ಬಂದಿವೆ, ಹೊಸ ಗರ್ಭಪಾತ ಬೇಕಿಲ್ಲ. ಆದರೂ ಕಥೋಲಿಕ ಮನಸ್ಸಿಗೆ ಇದು ನೋವಿನ ವಿಷಯವೇ. ಈ ಪ್ರಶ್ನೆಯನ್ನು ಒಬ್ಬ ಮಹಿಳೆ ರೋಮಿಗೆ ಬರೆದು ಕೇಳಿದ್ದರು. 2005ರಲ್ಲಿ ವ್ಯಾಟಿಕನ್ನಿನ ಪಾಂಟಿಫಿಕಲ್ ಅಕಾಡೆಮಿ ಫಾರ್ ಲೈಫ್ ಉತ್ತರ ಕೊಟ್ಟಿತು: ಬೇರೆ ಲಸಿಕೆಗಾಗಿ ತಯಾರಕರನ್ನು ಒತ್ತಾಯಿಸಬೇಕು, ಬೇರೆ ಸಿಗದಿರುವಾಗ ಮಕ್ಕಳಿಗೂ ಗರ್ಭಿಣಿಯರಿಗೂ ಅಪಾಯ ಬರದಂತೆ ತಂದೆತಾಯಿ ಇದನ್ನು ಬಳಸಬಹುದು. 2017ರಲ್ಲಿ ಅದೇ ಅಕಾಡೆಮಿ ಇನ್ನೂ ಸ್ಪಷ್ಟವಾಗಿ, ಇತರರ ರಕ್ಷಣೆಗಾಗಿ ಲಸಿಕೆ ಹಾಕಿಸುವುದು ನೈತಿಕ ಹೊಣೆಯೆಂಬ ಅರ್ಥದಲ್ಲಿ ಹೇಳಿತು. ಮೇಲೆ ಹೇಳಿದ 1964-65ರ ರುಬೆಲ್ಲಾ ಕಾಲದಲ್ಲಿ ಹುಟ್ಟಿದ ಮಕ್ಕಳಲ್ಲದೆ, ಹನ್ನೊಂದು ಸಾವಿರದಷ್ಟು ಮಕ್ಕಳು ಗರ್ಭದಲ್ಲೇ ಹೋದರು. ಕೆಲವು ತಾವಾಗಿ, ಕೆಲವು ಹೆದರಿದ ತಾಯಂದಿರು ತೆಗೆಸಿಕೊಂಡದ್ದರಿಂದ. ಗರ್ಭದ ಜೀವಕ್ಕಾಗಿ ಮರುಗುವವರು ಈ ಲೆಕ್ಕವನ್ನೂ ಇಡಬೇಕಲ್ಲವೇ?

ಇನ್ನು ಅತ್ತೆಯವರ ಮೌನ. ಆಟಿಸಂ ಇರುವ ಮಗುವಿನ ತಾಯಿಯ ಮೇಲೆ ತಪ್ಪು ಹೊರಿಸುವುದು ಇಂದಿನ ಮಾತಲ್ಲ. 1943ರಲ್ಲಿ ಲಿಯೊ ಕ್ಯಾನರ್ ಈ ಸ್ಥಿತಿಯನ್ನು ವಿವರಿಸಿದ ಮೇಲೆ ಬಹಳ ವರ್ಷ ದೊಡ್ಡ ದೊಡ್ಡ ವಿದ್ವಾಂಸರೇ, ತಾಯಿಗೆ ಪ್ರೀತಿ ಸಾಲದೆ ಮಗು ಹೀಗಾಯಿತು ಎಂದು ಬರೆದರು. ಆ ಕ್ರೂರ ಮಾತನ್ನು 1964ರಲ್ಲಿ ಪುಸ್ತಕ ಬರೆದು ಖಂಡಿಸಿದವರು ಬರ್ನಾರ್ಡ್ ರಿಮ್ಲಂಡ್, ಸ್ವತಃ ಅಂಥ ಮಗುವಿನ ತಂದೆ. ವಿಷಾದವೆಂದರೆ ಅವರೇ ಮುಂದೆ ಲಸಿಕೆಯನ್ನು ಸಂಶಯಿಸಿದರು. ಯಾರದ್ದಾದರೂ ತಪ್ಪು ಇರಲೇಬೇಕೆಂದು ಮನುಷ್ಯನ ಮನಸ್ಸು ಹುಡುಕುತ್ತದೆ. ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಯೇಸುಸ್ವಾಮಿಯನ್ನು ಕೇಳಿದ್ದೂ ಅದನ್ನೇ, ಪಾಪ ಇವನದೋ ಹೆತ್ತವರದೋ ಎಂದು. ಸ್ವಾಮಿ ಎರಡನ್ನೂ ಅಲ್ಲಗಳೆದು, ಆ ಮನುಷ್ಯನ ಕಣ್ಣಿನ ಕಡೆಗೆ ತಿರುಗಿದರು. ಯೊವಾನ್ನನ ಶುಭಸಂದೇಶದ ಒಂಬತ್ತನೆಯ ಅಧ್ಯಾಯವನ್ನು ಅತ್ತೆಯವರ ಜೊತೆ ಕೂತು ಒಂದು ಸಂಜೆ ಓದಿ.

ಪತ್ರದಲ್ಲಿ ಒಂದು ಸಾಲು ನನ್ನನ್ನು ಹೆಚ್ಚು ಕಾಡಿತು. ದೊಡ್ಡವನಿಗೆ ಐದು ವರ್ಷದ ಡಿಪಿಟಿ ಬೂಸ್ಟರನ್ನೂ ಹಾಕಿಸಿಲ್ಲವೆಂದು ಬರೆದಿದ್ದೀರಿ. ಇದು ನಿಮ್ಮೊಬ್ಬರ ಕಥೆಯಲ್ಲ. 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆಟಿಸಂ ಇರುವ ಮಕ್ಕಳಿಗೂ ಅವರ ತಮ್ಮ ತಂಗಿಯರಿಗೂ ಬೇರೆ ಮಕ್ಕಳಿಗಿಂತ ಕಡಿಮೆ ಲಸಿಕೆ ಬೀಳುತ್ತಿದೆ ಎಂದು ಕಂಡುಬಂದಿತು. ನೋವಾದರೂ ಎಲ್ಲಿ ಎಂದು ಹೇಳಲಾರದ ಮಗುವಿಗೆ ನಾಯಿಕೆಮ್ಮು, ಗಂಟಲಮಾರಿ ಬಂದರೆ ಏನು ಗತಿ? ಅವನಿಗೂ ಹಾಕಿಸಿ.

ಮಗಳ ಮೇಲೆ ಕಣ್ಣಿಡಿ, ಹೆದರಿಕೆಯಿಂದಲ್ಲ. ವರ್ಷ ತುಂಬುವ ಹೊತ್ತಿಗೆ ಹೆಸರು ಕರೆದರೆ ತಿರುಗುತ್ತಾಳೆಯೇ, ನಿಮ್ಮ ಮುಖ ನೋಡಿ ನಗುತ್ತಾಳೆಯೇ, ಟಾಟಾ ಮಾಡುತ್ತಾಳೆಯೇ, ಒಂದೂವರೆ ವರ್ಷಕ್ಕೆ ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾಳೆಯೇ ನೋಡಿ. ಸಂಶಯ ಬಂದರೆ 'ಗಂಡುಮಕ್ಕಳು ನಿಧಾನ, ಹೆಣ್ಣುಮಕ್ಕಳು ನಾಚಿಕೆ' ಎಂಬ ಸಮಾಧಾನ ಕೇಳುತ್ತ ಕೂರದೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗಕ್ಕೋ, ಕೋರಮಂಗಲದ ಸಂತ ಯೊವಾನ್ನರ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಕರೆದುಕೊಂಡು ಹೋಗಿ. ಎರಡು ಮೂರು ವರ್ಷದೊಳಗೆ ತರಬೇತಿ ಆರಂಭವಾದರೆ ಮಗುವಿಗೆ ಬಹಳ ಅನುಕೂಲ. ಮಗನಿಗೂ ಐದು ವರ್ಷ ತಡವೇನಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರ ಮಾಡಿಸಿಕೊಂಡರೆ ಶಾಲೆಯಲ್ಲೂ ಸೌಲಭ್ಯಗಳಲ್ಲೂ ನೆರವಾಗುತ್ತದೆ. ಲಸಿಕೆಯನ್ನು ದೂರುತ್ತ ಕಳೆದ ತಿಂಗಳುಗಳು ಈ ತರಬೇತಿಯ ತಿಂಗಳುಗಳಿಂದ ಕಳೆದುಹೋದವು ಎಂಬುದು ಅನೇಕ ತಂದೆತಾಯಿಯರು ನನಗೆ ಹೇಳಿಕೊಂಡ ಸಂಕಟ.

ಆಶಾ ಕಾರ್ಯಕರ್ತೆ ಮೂರನೆಯ ಸಲ ಬರುವವರೆಗೆ ಕಾಯಬೇಡಿ, ಮುಂದಿನ ಲಸಿಕೆ ದಿನ ಯಾವುದೆಂದು ನೀವೇ ಫೋನ್ ಮಾಡಿ ಕೇಳಿ. ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ. ಮಗನ ಬೂಸ್ಟರೂ ಅಂದೇ ಆಗುವುದಾದರೆ, ಗದ್ದಲ ಅವನಿಗೆ ಆಗಿಬರುವುದಿಲ್ಲವೆಂದು ಸಿಸ್ಟರಿಗೆ ಮೊದಲೇ ಹೇಳಿ, ಸಾಲು ಕಡಿಮೆ ಇರುವ ಹೊತ್ತು ಯಾವುದೆಂದು ತಿಳಿದುಕೊಳ್ಳಿ. ಅವನ ಆ ಕಾರನ್ನೂ ಚೀಲದಲ್ಲಿ ಇಟ್ಟುಕೊಳ್ಳಿ.